ಬಿಸಿಲಿನ ತಲೆಗೆ ಕಟ್ಟಲು ಹೋಗಿ

ಹಿಕ್ಕೆ ಎಣಿಸುವುದು ನನ್ನ ಕೆಲಸ. ಕೊಂಡುಕುರಿಯ ಹಿಕ್ಕೆ. ಕೇಳಿದವರು ನಗುತ್ತಾರೆ, ನಗಲಿ.

ಕೊಂಡುಕುರಿ ಸುಲಭಕ್ಕೆ ಕಣ್ಣಿಗೆ ಬೀಳುವ ಪ್ರಾಣಿಯಲ್ಲ. ಮೇಕೆಯಷ್ಟು ಎತ್ತರ, ಗಂಡಿಗೆ ನಾಲ್ಕು ಕೊಂಬು. ಮಂದೆ ಕಟ್ಟಿಕೊಂಡು ಓಡಾಡುವುದಿಲ್ಲ, ಒಂಟಿ. ಮನುಷ್ಯ ಬರುವುದು ಅದಕ್ಕೆ ಮೊದಲೇ ಗೊತ್ತಾಗುತ್ತದೆ. ಹುಲ್ಲಿನೊಳಗೆ ಕೂತುಬಿಟ್ಟರೆ ಪಕ್ಕದಲ್ಲೇ ನಡೆದು ಹೋದರೂ ಕಾಣುವುದಿಲ್ಲ. ಆದರೆ ಅದಕ್ಕೊಂದು ಅಭ್ಯಾಸವಿದೆ. ಹಿಕ್ಕೆ ಹಾಕಲು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಹಾಕಿದಲ್ಲೇ ಹಾಕಿ ಗುಡ್ಡೆ ಮಾಡುತ್ತದೆ. ಪ್ರಾಣಿ ಎಣಿಸಲು ಆಗುವುದಿಲ್ಲ, ಅದಕ್ಕೆ ಗುಡ್ಡೆ ಎಣಿಸಬೇಕು. ಅಷ್ಟೇ.

ಜಗಳೂರು ಸೀಮೆಯ ಕುರುಚಲು ಕಾಡಿನಲ್ಲಿ ಇದು ಕಡಿಮೆಯಾಗುತ್ತಿದೆ ಎಂಬ ಮಾತಿತ್ತು. ಕೆಲವು ವರ್ಷಗಳ ಹಿಂದೆ ಯಾರೋ ಹೀಗೇ ಗುಡ್ಡೆ ಎಣಿಸಿ ಲೆಕ್ಕ ಇಟ್ಟು ಹೋಗಿದ್ದರು. ಈಗ ಒಬ್ಬರು ಮೇಡಂ ಬಂದರು. ಬಿಸಿಲು ಏರಿದೆ, ಮಳೆ ಕಾಲಕ್ಕೆ ಸರಿಯಾಗಿ ಬರುತ್ತಿಲ್ಲ, ಅದಕ್ಕೇ ಕೊಂಡುಕುರಿ ಕಡಿಮೆಯಾಗಿದೆಯೇ ಎಂದು ನೋಡುವುದು ಅವರ ಕೆಲಸ. ಬಿಳಿಚೋಡು ದಾಟಿದರೆ ನಮ್ಮೂರು. ಕಾಡು ಗೊತ್ತಿರುವ, ಅಂಕಿ ಬರೆಯಲು ಬರುವ ಒಬ್ಬ ಆಳು ಬೇಕು ಅಂದರು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಂಕಿ ಬರುತ್ತದೆ. ಹೋದೆ.

ಹಿಂದಿನವರು ನಡೆದ ದಾರಿಗಳನ್ನು ಮೇಡಂ ಮೊಬೈಲಿನಲ್ಲಿ ಗೆರೆ ಹಾಕಿಕೊಂಡು ತಂದಿದ್ದರು. ಅವರು ಮೊಬೈಲ್ ಹಿಡಿದು ದಿಕ್ಕು ಹೇಳುತ್ತಾರೆ, ನಾನು ನೆಲ ನೋಡುತ್ತಾ ನಡೆಯಬೇಕು. ಕಾರೆ ಮುಳ್ಳು ಅಡ್ಡ ಬಂದರೂ ಸುತ್ತು ಹಾಕುವಂತಿಲ್ಲ. ಗುಡ್ಡೆ ಸಿಕ್ಕರೆ ಗೆರೆಯಿಂದ ಅದು ಎಷ್ಟು ದೂರ ಎಂದು ಟೇಪ್ ಹಿಡಿಯಬೇಕು. ಒಂದು ಹಿಕ್ಕೆ ಮುರಿದು ನೋಡಬೇಕು. ಒಳಗೆ ಹಸಿರು ಇದ್ದರೆ ಹೊಸದು, ಬೂದಿಯಂತಾಗಿದ್ದರೆ ಹಳೆಯದು. ಕುರಿ ನಡೆಯುತ್ತಾ ಉದುರಿಸುತ್ತದೆ, ಕೊಂಡುಕುರಿ ನಿಂತು ಒಂದೇ ಕಡೆ ಹಾಕುತ್ತದೆ. ಕುರಿಯದ್ದೋ ಅದರದ್ದೋ ಅನುಮಾನ ಉಳಿದರೆ ಬಿಟ್ಟುಬಿಡಬೇಕು.

"ಬಿಟ್ಟುಬಿಡು" ಅನ್ನುವುದು ಮೇಡಂ ಬಾಯಲ್ಲಿ ನಾನು ಹೆಚ್ಚು ಕೇಳಿದ ಮಾತು. ನನಗೆ ಸಿಟ್ಟು ಬರುತ್ತಿತ್ತು. ಮೈಯೆಲ್ಲ ಗೀರಿಸಿಕೊಂಡು ಹುಡುಕಿದ್ದನ್ನು ಬಿಡುವುದು ಯಾಕೆ?

ನನಗೆ ಬೇಗ ಉತ್ತರ ಬೇಕಿತ್ತು. ಅದಕ್ಕೆ ಕಾರಣವಿದೆ. ನನ್ನನ್ನು ಸಾಕಿದ್ದು ಸೋದರಮಾವ. ಅವನ ಕುರಿ ಮಂದೆ ಮೇಯುವುದು ಇದೇ ಕಾಡಿನಲ್ಲಿ. ಭತ್ತದ ಕೊಯ್ಲಾದ ಮೇಲೆ ಮಂದೆ ಹೊಡೆದುಕೊಂಡು ಹೊನ್ನಾಳಿ, ನ್ಯಾಮತಿ ಕಡೆ ಗದ್ದೆಗಳಿಗೆ ಹೋಗುತ್ತಾನೆ. ಉಳಿದ ಕಾಲ ಇಲ್ಲೇ. ಕೊಂಡುಕುರಿ ಕಡಿಮೆಯಾಗಿದ್ದು ಕುರಿಗಳಿಂದ ಎಂದು ವರದಿ ಹೋದರೆ ಕಾಡಿಗೆ ಕುರಿ ಬಿಡುವುದನ್ನು ನಿಲ್ಲಿಸುತ್ತಾರೆ ಎಂದು ಊರೆಲ್ಲ ಮಾತಾಡುತ್ತಿತ್ತು. ಬಿಸಿಲಿನಿಂದ ಎಂದಾದರೆ ಕಾಡಿನಲ್ಲಿ ನೀರಿನ ತೊಟ್ಟಿ ಕಟ್ಟಿಸಿ ಟ್ಯಾಂಕರಿನಲ್ಲಿ ನೀರು ಬಿಡಿಸುತ್ತಾರೆ. ಮಾವನ ತಂಟೆಗೆ ಯಾರೂ ಬರುವುದಿಲ್ಲ.

"ಲೇ ಅಳಿಯ, ನಿನ್ ಮೇಡಮ್ಮಂಗೆ ಹೇಳು," ಅಂದ ಮಾವ, ಕುರಿ ಕೂಡುವ ರೊಪ್ಪದ ಬೇಲಿಗೆ ಮುಳ್ಳು ತುರುಕುತ್ತಾ. "ಬಿಸ್ಲು ಅಂತ ಬರ್ಕಳ್ಳಮ್ಮಾ ಅಂತ. ಬಿಸ್ಲೇನು ಬಂದು ಜಗಳ ಆಡ್ತೈತಾ?"

"ಬರಿಯಾಕೆ ನಾನ್ಯಾರು ಮಾವ? ನನ್ನ ಎಣ್ಸಾಕೆ ಇಟ್ಕಂಡವ್ರೆ."

"ಹಂಗಾರೆ ನೋಡ್ಕಂಡು ಎಣ್ಸು."

ಅತ್ತೆ ಒಳಗಿನಿಂದ ಕೂಗಿದಳು: "ಕಾಡು ಮುಚ್ಚಿದ್ರೆ ವರ್ಸಾನುಗಟ್ಲೆ ಗದ್ದೆ ಬದಿನ ಮ್ಯಾಲೆ ಮಲ್ಗಾಕೆ ನನ್ ಕೈಲಿ ಆಗಾಕಿಲ್ಲ. ಈಗ್ಲೇ ಹೇಳಿವ್ನಿ."

ಬಿಸಿಲು ಅಂದರೆ ಎಲ್ಲರಿಗೂ ಅನುಕೂಲವಾಗಿತ್ತು. ಮಾವನಿಗೆ ಮಂದೆ ಉಳಿಯುತ್ತಿತ್ತು. ಮೇಡಂ ಅವರ ಮೇಲೆ ಒಬ್ಬ ದೊಡ್ಡ ಸರ್ ಇದ್ದರು, ಅವರು ಕೆಲಸಕ್ಕೆ ಇಟ್ಟ ಹೆಸರಿನಲ್ಲೇ ಬಿಸಿಲು ಇತ್ತು. ನನಗೂ ಅದೇ ಆಗಲಿ ಎಂದಿತ್ತು. ದಿನಾ ಸಂಜೆ ಮೇಡಂನ ಕೇಳುತ್ತಿದ್ದೆ, "ಬಿಸ್ಲೇ ಅಲ್ವೇನ್ರೀ ಮೇಡಂ?" ಅವರು ತಲೆ ಎತ್ತದೆ "ಇನ್ನೂ ಗೊತ್ತಿಲ್ಲ" ಅನ್ನುತ್ತಿದ್ದರು. ಗೊತ್ತಿಲ್ಲ ಅನ್ನಲು ಇಷ್ಟು ಓದಬೇಕಾ ಅಂತ ನನಗೆ ಕೈಕಾಲು ನಿಲ್ಲುತ್ತಿರಲಿಲ್ಲ.

ಮೊದಲ ಸುತ್ತು ಮುಗಿದಾಗ ಉತ್ತರ ಸಿಕ್ಕಿತು ಎಂದುಕೊಂಡೆವು. ಗೋಕಟ್ಟೆಯ ಹತ್ತಿರದ ಗೆರೆಗಳಲ್ಲಿ ಹಿಂದಿನ ಲೆಕ್ಕದಲ್ಲಿ ಗುಡ್ಡೆಗಳು ತುಂಬಾ ಇದ್ದವು. ಈಗ ಒಂದೂ ಇಲ್ಲ. ಗೋಕಟ್ಟೆ ಅಂದರೆ ದನಕರು ಕುಡಿಯಲೆಂದು ಹಿಂದೆ ಕಟ್ಟಿದ ಸಣ್ಣ ಹೊಂಡ. ಬೇಸಿಗೆಯಲ್ಲಿ ನೀರು ನಿಲ್ಲುವ ಜಾಗ ಅದೊಂದೇ. ಪಕ್ಕದಲ್ಲಿ ಹುಣಸೆ ಮರಗಳಿವೆ. ದೊಡ್ಡ ಸರ್ ಫೋನಿನಲ್ಲಿ ಜೋರಾಗಿ ಮಾತಾಡುವುದು ನನಗೂ ಕೇಳಿಸಿತು. "ನೀರಿನ ಪಕ್ಕದಲ್ಲೇ ಪ್ರಾಣಿ ಇಲ್ಲ ಅಂದ್ರೆ ಇನ್ನೇನು ಬೇಕು? ಹೊಂಡ ಒಣಗ್ತಿದೆ, ಪ್ರಾಣಿ ಹೋಗಿದೆ. ಬರೆಯೋಕೆ ಶುರುಮಾಡಿ."

ನಾನು ಊರಿಗೆ ಓಡಿ ಹೋಗಿ ಮಾವನಿಗೆ ಹೇಳಿದೆ. ಅವನು ಅಂಗಡಿಯಿಂದ ಮಂಡಕ್ಕಿ, ಮಿರ್ಚಿ ತರಿಸಿದ.

ಆ ವಾರವೇ ಅದು ಕೆಟ್ಟಿತು. ಗೋಕಟ್ಟೆಯಿಂದ ಗೆರೆಗಳ ದೂರ ಇನ್ನೊಮ್ಮೆ ಅಳೆಯಬೇಕು ಎಂದು ಮೇಡಂ ಹಟ ಹಿಡಿದರು. ಬೈದುಕೊಂಡೇ ಹೋದೆ. ಹುಣಸೆ ಮರದ ಕೆಳಗೆ ನಮ್ಮ ಅತ್ತೆ ಬಂದರಿಕೆ ಗಿಡದ ಪೊರಕೆ ಹಿಡಿದು ಗುಡಿಸುತ್ತಿದ್ದಳು. ಮಧ್ಯಾಹ್ನ ಕುರಿಗಳನ್ನು ನೆರಳಿಗೆ ಮಲಗಿಸುವುದು ಅಲ್ಲೇ. ಗೊಬ್ಬರ ಚೀಲಗಳು ಸಾಲಾಗಿ ನಿಂತಿದ್ದವು. ಟ್ರ್ಯಾಕ್ಟರ್ ಕಾಯುತ್ತಿತ್ತು.

"ಏನಮ್ಮಾ ಗುಡಿಸ್ತಿದ್ದೀರಿ?" ಅಂದರು ಮೇಡಂ.

"ಕುರಿ ಗೊಬ್ರ ಕಣ್ ತಾಯಿ. ಚನ್ನಗಿರಿ ಕಡೆ ತ್ವಾಟಕ್ಕೆ ಹೋಗ್ತೈತೆ."

"ಬರೀ ಕುರಿದಾ?"

"ಪೊರ್ಕೆಗೇನು ಕಣ್ಣೈತಾ? ಬಂದಿದ್ದೆಲ್ಲಾ ಬತ್ತೈತೆ."

"ಎಲ್ಲಿವರೆಗೂ ಗುಡಿಸ್ತೀರಿ?"

ಅತ್ತೆ ಪೊರಕೆ ಎತ್ತಿ ಸುತ್ತ ತೋರಿಸಿದಳು. ಗೋಕಟ್ಟೆ ಹತ್ತಿರದ ನಮ್ಮ ಗೆರೆಗಳೆಲ್ಲ ಅದರೊಳಗೇ ಇದ್ದವು. "ಮುಂಚೆ ಇಷ್ಟು ದೂರ ಗುಡಿಸ್ತಿರ್ಲಿಲ್ಲ. ಟ್ರ್ಯಾಕ್ಟ್ರು ಇಲ್ಲಿಗಂಟ ಬರಾಕೆ ಹತ್ತಿದ ಮ್ಯಾಲೆ ಪೂರಾ ಬಳಿಯೋದೇ."

ಮೇಡಂ ಅಲ್ಲೇ ಗೊಬ್ಬರದ ಚೀಲದ ಮೇಲೆ ಕೂತರು. ಸಿಟ್ಟಾಗುತ್ತಾರೆ ಎಂದುಕೊಂಡೆ. ನಕ್ಕುಬಿಟ್ಟರು. "ಇಷ್ಟು ದಿನ ನಾವು ಎಣಿಸಿದ್ದು ಕೊಂಡುಕುರಿನ ಅಲ್ಲ. ನಿಮ್ಮತ್ತೆ ಪೊರಕೆನ."

ನಾನು ಆ ಚೀಲಗಳನ್ನು ಎಷ್ಟೋ ಸಲ ಟ್ರ್ಯಾಕ್ಟರಿಗೆ ಎತ್ತಿ ಹಾಕಿದ್ದೇನೆ. ನೆಲ ನೋಡಲು ಇಟ್ಟುಕೊಂಡ ಆಳು ನಾನು. ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ.

ಗುಡಿಸಿದ ಜಾಗದ ಲೆಕ್ಕವನ್ನೆಲ್ಲ ತೆಗೆದುಹಾಕಿದರು. ದೊಡ್ಡ ಸರ್‌ಗೆ ಅದು ಹಿಡಿಸಲಿಲ್ಲ. ಕೈಗೆ ಬಂದ ಉತ್ತರ ಹೋಯಿತಲ್ಲ. ಮೇಡಂ ಅಲ್ಲಿಗೂ ನಿಲ್ಲಲಿಲ್ಲ. ಪೊರಕೆ ಗುಡ್ಡೆಯನ್ನು ಅಳಿಸುತ್ತದೆ ಎಂದರೆ ಗುಡ್ಡೆ ಅಳಿಸುವಂಥದ್ದು ಬೇರೆ ಏನೇನಿದೆ ಎಂದು ನೋಡಬೇಕು ಅಂದರು. ಹೊಸ ಗುಡ್ಡೆ ಸಿಕ್ಕಲ್ಲೆಲ್ಲ ಪಕ್ಕದಲ್ಲಿ ಒಂದು ಕಲ್ಲಿಟ್ಟು ಸುಣ್ಣದ ಬಣ್ಣ ಹಚ್ಚಿದೆವು. ಮತ್ತೆ ಮತ್ತೆ ಹೋಗಿ ನೋಡಿದೆವು. ಒಣ ಬಿಸಿಲಿನಲ್ಲಿ ಗುಡ್ಡೆ ಹಾಗೇ ಕೂತಿರುತ್ತದೆ. ಒಂದು ಅಕಾಲದ ಮಳೆ ಬಿದ್ದರೆ ಗೆದ್ದಲು ಏಳುತ್ತದೆ, ಗುಡ್ಡೆ ಮಣ್ಣಾಗುತ್ತದೆ. ಪ್ರಾಣಿ ಬದುಕಿದ್ದರೂ ಲೆಕ್ಕದಲ್ಲಿ ಸತ್ತಂತೆ ಕಾಣುತ್ತದೆ. ಹಾಗಾಗಿ ಮಳೆ ಬಿದ್ದ ಮೇಲೆ ಎಣಿಸಿದ ಗೆರೆಗಳೂ ಹೋದವು. ಅವನ್ನು ಇನ್ನೊಂದು ಬೇಸಿಗೆಗೆ ಮತ್ತೆ ನಡೆಯಬೇಕಾಯಿತು. ಅಷ್ಟು ದಿನ ಏನು ಮಾಡುವುದು? ಕಲ್ಲು ನೋಡುವುದು, ಬರುವುದು. ನನಗೆ ನಿದ್ದೆಯಲ್ಲೂ ಬಿಳಿ ಕಲ್ಲು ಕಾಣುತ್ತಿತ್ತು.

ಮಾವನಿಗೆ ಮಾತ್ರ ಖುಷಿ. "ಹಂಗಾರೆ ಕಮ್ಮಿನೇ ಆಗಿಲ್ಲ ಅಂದಂಗಾತು! ನಿಮ್ಮತ್ತೆ ಗುಡಿಸ್ತಿದ್ಲು ಅಷ್ಟೇ."

"ಕಮ್ಮಿ ಆಗೈತೆ ಮಾವ. ನಾವು ಅಂದ್ಕಂಡಷ್ಟು ಆಗಿಲ್ಲ, ಆದ್ರೂ ಆಗೈತೆ."

ಎಲ್ಲ ಕಳೆದು, ಸರಿಯಾದ ಕಾಲದಲ್ಲಿ ನಡೆದು, ಮತ್ತೆ ಎಣಿಸಿದ ಮೇಲೂ ಗುಡ್ಡೆ ಕಡಿಮೆ ಇದ್ದವು. ಅದನ್ನು ಅಲ್ಲಗಳೆಯಲು ಆಗಲಿಲ್ಲ.

ಒಂದು ಸಂಜೆ ಜಗಳೂರಿನ ಹೋಟೆಲ್‌ನಲ್ಲಿ ಟೀ ಕುಡಿಯುತ್ತಾ ಮೇಡಂ ಕೇಳಿದರು. "ಬಿಸಿಲೇ ಕಾರಣ ಅಂತ ಇಟ್ಕೋ. ಆಗ ಏನು ಕಾಣಬೇಕು?"

"ಕೊಂಡುಕುರಿ ಕಮ್ಮಿ ಆಗ್ಬೇಕು."

"ಎಲ್ಲಿ?"

"ಎಲ್ಲಾ ಕಡೆ. ಬಿಸ್ಲು ಒಂದು ಕಡೆ ಬಿದ್ದು ಇನ್ನೊಂದು ಕಡೆ ಬೀಳದೇ ಇರಾಕೆ ಆಗ್ತೈತಾ?"

"ಹಾಗಾದ್ರೆ ಇದೇ ಬಿಸಿಲು, ಇದೇ ಮಳೆ ಇದ್ದು, ಕುರಿ ಇಲ್ಲದ ಜಾಗ ಯಾವುದಿದೆ?"

ಇತ್ತು. ಗಿಡ ನೆಟ್ಟು ತಂತಿಬೇಲಿ ಹಾಕಿದ ಒಂದು ತುಂಡು. ಹಿಂದಿನವರ ಎರಡು ಗೆರೆ ಅದರೊಳಗೂ ಹಾದಿದ್ದವು. ಬೇಲಿ ಆಗಲೂ ಇತ್ತು. ಕೊಂಡುಕುರಿ ತಂತಿಯ ಸಂದಿನಲ್ಲಿ ನುಸುಳುತ್ತದೆ, ಕುರಿ ಮಂದೆ ನುಸುಳಲಾರದು. ಹೋಗಿ ಎಣಿಸಿದೆವು. ಅಲ್ಲಿ ಗುಡ್ಡೆ ಕಡಿಮೆಯಾಗಿರಲಿಲ್ಲ. ಹಿಂದೆ ಎಷ್ಟಿದ್ದವೋ ಹೆಚ್ಚುಕಡಿಮೆ ಅಷ್ಟೇ.

ನಾನು ಟೇಪ್ ಸುತ್ತಿಕೊಂಡು ಬೇಲಿಯ ಹೊರಗೆ ಬಂದು ನಿಂತೆ. ಇದೇ ಬಿಸಿಲು ಒಳಗೂ ಇದೆ, ಹೊರಗೂ ಇದೆ. ಒಳಗೆ ಇಲ್ಲದಿರುವುದು ಕುರಿ.

"ಕುರಿ ಒಂದೇ ಅಲ್ಲ," ಅಂದರು ಮೇಡಂ. "ಬೇಲಿ ಒಳಗೆ ಇನ್ನೂ ಏನೇನೋ ಇಲ್ಲ. ಈಗಲೇ ತೀರ್ಮಾನಕ್ಕೆ ಬರಬೇಡ." ನನ್ನ ಮುಖ ನೋಡಿ ಹಾಗೆ ಅಂದರು ಎಂದು ನನಗನಿಸಿತು. ಸಮಾಧಾನ ಆಗಲಿಲ್ಲ.

ಮನೆಗೆ ಹೋಗಿ ಮಾವನಿಗೆ ಇದ್ದದ್ದು ಇದ್ದಂತೆ ಹೇಳಿದೆ. ನನಗೆ ಸುತ್ತಿಬಳಸಿ ಹೇಳಲು ಬರುವುದಿಲ್ಲ. ಅವನು ರೊಟ್ಟಿ ತಿನ್ನುತ್ತಿದ್ದವನು ತಟ್ಟೆ ತಳ್ಳಿದ.

"ತಂತಿ ಒಳಗೆ ನೋಡ್ಕಂಡು ಬಂದು ನನ್ ಕುರಿ ಮ್ಯಾಲೆ ಹಾಕ್ತೀಯೇನ್ಲೇ? ದ್ಯಾವ್ರ ಗುಡ್ಡಕ್ಕೆ ಹೋಗಿದ್ದೀಯಾ? ಅಲ್ಲೂ ನನ್ ಕುರಿ ಮೇಯ್ತಾವೆ. ನಮ್ಮಪ್ಪನ ಕಾಲದಿಂದ ಮೇಯ್ತಾವೆ. ಅಲ್ಲಿ ಕೊಂಡುಕುರಿ ಹೆಂಗೈತೆ ನೋಡು. ನಿನ್ ಮೇಡಮ್ಮನ್ನ ಕರ್ಕಂಡು ಬಾ. ನಾನೇ ತೋರಿಸ್ತೀನಿ."

ಕರೆದುಕೊಂಡು ಹೋದೆ. ಮೇಡಂಗೂ ಅದೇ ಬೇಕಾಗಿತ್ತು. ಕುರಿ ಇದ್ದೂ ಕೊಂಡುಕುರಿ ಇರುವ ಜಾಗ ಸಿಕ್ಕರೆ ಕುರಿಯ ಮೇಲಿನ ಆಪಾದನೆ ಹೋಗುತ್ತದೆ. ಮಾವ ಮಂದೆ ಹೊಡೆದುಕೊಂಡು ಮುಂದೆ ಮುಂದೆ. ತಲೆಗೆ ಒಗೆದ ಟವೆಲ್ ಸುತ್ತಿಕೊಂಡಿದ್ದ. ಗುಡ್ಡದ ಬುಡದಲ್ಲಿ ಕುಂಕುಮ ಬಳಿದ ಒಂದು ಕಲ್ಲಿದೆ. ಅಲ್ಲಿಂದ ಮೇಲೆ ದೇವರ ಜಾಗ. ಅಲ್ಲಿ ಚಪ್ಪಲಿ ಬಿಡಬೇಕು, ಮರ ಕಡಿಯುವಂತಿಲ್ಲ. ಮಾವ ಚಪ್ಪಲಿ ಬಿಟ್ಟ. ಮೇಡಂ ಬೂಟು ಬಿಚ್ಚಿದರು. ಮಾವ ತನ್ನ ನಾಯಿಗಳನ್ನು ಪಕ್ಕದ ಬೇವಿನ ಮರಕ್ಕೆ ಕಟ್ಟಿದ. ಅಲ್ಲಿ ಕುರಿಯವರೆಲ್ಲ ಹಾಗೇ ಮಾಡುವುದು. ನಾಯಿ ಕಲ್ಲು ದಾಟುವಂತಿಲ್ಲ. ಕರಿಯ ಎಂಬ ದೊಡ್ಡ ನಾಯಿ ಮಾವನ ಮೇಲೆ ಮುನಿಸಿಕೊಂಡು ಕೂತಿತು.

ಮೇಲೆ ಬರಿಗಾಲಿನಲ್ಲಿ ಎಣಿಸಿದೆವು. ಗುಡ್ಡೆಗಳಿದ್ದವು. ಒಂದರ ಹತ್ತಿರ ಒಂದು, ಹೊಸವು, ಮುರಿದರೆ ಹಸಿರು. ಕುರಿ ಹಿಕ್ಕೆ ಅದರ ಸುತ್ತಲೂ ಚೆಲ್ಲಿತ್ತು.

"ನೋಡ್ರೀ ಮೇಡಂ," ಅಂದ ಮಾವ, ಎದೆ ಉಬ್ಬಿಸಿ. "ನಮ್ ಕುರಿದು ಇಲ್ಲಿ, ಅದ್ರುದು ಇಲ್ಲಿ. ಅಣ್ತಮ್ಮಂದ್ರು ಇದ್ದಂಗವೆ. ಇದ್ನ ಬರ್ಕಳ್ರಿ. ದಪ್ಪ ಅಕ್ಷರದಾಗೆ ಬರ್ಕಳ್ರಿ."

"ಬರ್ಕೋತೀನಿ," ಅಂದರು ಮೇಡಂ.

ಕೆಳಗೆ ಕಲ್ಲಿನ ಹತ್ತಿರ ಕರಿಯ ಬೊಗಳಿತು. ಬಿಡಿಸಿ ಎಂದು ಬೊಗಳುತ್ತಲೇ ಇತ್ತು. ಟೇಪಿನ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ತುದಿ ಮೇಡಂ ಕೈಯಲ್ಲಿ. ಅವರು ಎಳೆಯುವುದನ್ನು ನಿಲ್ಲಿಸಿದರು. ನಾನು ಅವರನ್ನು ನೋಡಿದೆ. ಅವರು ಕೆಳಗೆ ನೋಡುತ್ತಿದ್ದರು.

ಬೇಲಿ ಒಳಗೆ ಕುರಿ ಇಲ್ಲ, ಮಂದೆ ಬಿಟ್ಟು ಹೋಗದ ನಾಯಿಯೂ ಇಲ್ಲ. ಇಲ್ಲಿ ಕುರಿ ಇದೆ, ನಾಯಿ ಇಲ್ಲ. ಕೊಂಡುಕುರಿ ಕಡಿಮೆಯಾದ ಗೆರೆಗಳಲ್ಲಿ ಎರಡೂ ಇವೆ.

ಮಾವ ಇನ್ನೂ ಅಣ್ಣತಮ್ಮಂದಿರ ಮಾತು ಮುಗಿಸಿರಲಿಲ್ಲ.

ಟೇಪ್ ಸುತ್ತಿಕೊಂಡು ಇಳಿದೆವು. ನಾನು ಸುಮ್ಮನಿದ್ದರೆ ಆಗುತ್ತಿತ್ತು. ಕುರಿ ತಪ್ಪಿಲ್ಲ ಎಂದು ಬರೆದರೆ ಮಾವ ಉಳಿಯುತ್ತಾನೆ. ನಾಯಿಯ ಸುದ್ದಿ ಯಾರಿಗೆ ಬೇಕು? ಕಲ್ಲಿನವರೆಗೂ ಅದನ್ನೇ ಯೋಚಿಸಿದೆ. ಮಾವ ಕರಿಯನ ಹಗ್ಗ ಬಿಚ್ಚಲು ಬಗ್ಗಿದಾಗ ಬಾಯಿಗೆ ಬಂದುಬಿಟ್ಟಿತು.

"ಮಾವ, ಕುರಿ ಅಲ್ಲ. ನಾಯಿ."

ಅವನು ಹಗ್ಗ ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದ.

"ನನ್ ಕರಿಯ ಕೊಂಡುಕುರಿ ಹಿಡಿದಿದ್ದು ನೀನು ಕಣ್ಣಾರೆ ನೋಡಿದ್ದೀಯಾ?"

"ಇಲ್ಲ."

"ನೀವು ನೋಡಿದ್ದೀರಾ ಮೇಡಂ?"

"ಇಲ್ಲ," ಅಂದರು ಮೇಡಂ. "ನೀವು ಕೇಳೋದು ಸರಿ. ನೋಡದೆ ಹೇಳಬಾರದು. ಈ ಗುಡ್ಡದಲ್ಲಿ ಮರ ಕಡಿಯೋಲ್ಲ, ಪೊದೆ ದಟ್ಟ ಇದೆ. ಅದರಿಂದಲೂ ಇಲ್ಲಿ ಉಳಿದಿರಬಹುದು."

"ನಾಯಿ ಇಲ್ದೆ ಮಂದೆ ಕಾಯಾಕೆ ಆಗ್ತೈತೇನ್ರಿ? ತ್ವಾಳ ಏನು ನಿಮ್ಮನ್ನ ಕೇಳ್ಕಂಡು ಬತ್ತೈತಾ?" ಅಂದವನು ನನ್ನ ಕಡೆ ತಿರುಗಿದ. "ಮನ್ಯಾಗೆ ಉಂಡು ನಾಯಿ ಮ್ಯಾಲೆ ಹೇಳ್ತೀಯಲ್ಲೋ." ಅಲ್ಲಿಂದ ಎಷ್ಟೋ ದಿನ ನನ್ನ ಜೊತೆ ಮಾತಿಲ್ಲ. ಅತ್ತೆ ಊಟ ಹಾಕುತ್ತಿದ್ದಳು. ಅವನು ನಾನು ಎದ್ದ ಮೇಲೆ ಬಂದು ಕೂರುತ್ತಿದ್ದ.

ಗೋಕಟ್ಟೆಯ ಸುತ್ತ ಮರಗಳಿಗೆ ಕ್ಯಾಮೆರಾ ಕಟ್ಟಿದೆವು. ಮುಂದೆ ಏನಾದರೂ ಅಲುಗಿದರೆ ತಾನೇ ಚಿತ್ರ ಹಿಡಿಯುವ ಕ್ಯಾಮೆರಾ. ಮೊದಲು ಸಿಕ್ಕಿದ್ದು ದನ, ನವಿಲು, ಲೆನ್ಸಿಗೆ ಮೂಗು ಹಚ್ಚಿದ ಮೇಕೆ, ಚೊಂಬು ಹಿಡಿದು ಹೊರಟ ನಮ್ಮೂರಿನ ಒಬ್ಬರು. ಅದನ್ನು ಅಳಿಸಿದೆವು. ಚಳಿಗಾಲದಲ್ಲಿ ಕೊಂಡುಕುರಿ ನೀರಿಗೆ ಬಂದದ್ದು ಬೆಳಕು ಹರಿಯುವಾಗ, ಇಲ್ಲವೇ ಹೊತ್ತು ಮುಳುಗುವಾಗ. ಆಗ ಅಲ್ಲಿ ಮಂದೆ ಇರುವುದಿಲ್ಲ. ಬೇಸಿಗೆ ಏರಿತು. ಕಾಡಿನೊಳಗಿನ ಸಣ್ಣ ಗುಂಡಿಗಳು ಒಂದೊಂದಾಗಿ ಬತ್ತಿದವು. ಆಮೇಲೆ ಅದು ಮಧ್ಯಾಹ್ನವೂ ಬರಲು ಶುರುಮಾಡಿತು. ಅದೇ ಹೊತ್ತಿಗೆ ಮಂದೆ ಹುಣಸೆ ನೆರಳಿನಲ್ಲಿ. ಮಂದೆಯ ಸುತ್ತ ನಾಯಿಗಳು.

ಒಂದು ಚಿತ್ರದಲ್ಲಿ ತಾಯಿ ಕೊಂಡುಕುರಿ ಓಡುತ್ತಿದೆ. ಹಿಂದೆ ಮರಿ, ಅದರ ಹಿಂದೆ ನಾಯಿ. ಮುಂದಿನ ಚಿತ್ರದಲ್ಲಿ ಬರೀ ಧೂಳು. ಅದರ ಮುಂದಿನದರಲ್ಲಿ ತಾಯಿ ಒಂದೇ ತಿರುಗಿ ನಿಂತಿದೆ.

ಆ ಚಿತ್ರ ಮೊಬೈಲಿಗೆ ಹಾಕಿಸಿಕೊಂಡು ಮನೆಗೆ ಒಯ್ದೆ. ಮಾವನ ಮುಂದೆ ಇಟ್ಟೆ. ಅವನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ.

"ನಮ್ ಕರಿಯನೇ ಅಲ್ವಾ?" ಅಂದಳು ಅತ್ತೆ, ಅವನ ಹೆಗಲ ಮೇಲಿಂದ ಬಗ್ಗಿ.

"ಕಿವಿ ಅವನ್ದೇ," ಅಂದ ಮಾವ. ಮೊಬೈಲ್ ನನಗೆ ಕೊಟ್ಟ. ಎದ್ದು ಹೋಗಲಿಲ್ಲ. ಬಹಳ ದಿನದ ಮೇಲೆ ನನ್ನ ಜೊತೆ ಕೂತು ಉಂಡ.

ಈಗ ನೋಡಿದರೆ ಬಿಸಿಲಿನ ತಪ್ಪೇ ಇಲ್ಲ ಅನ್ನಲೂ ಬರುತ್ತಿರಲಿಲ್ಲ. ಗುಂಡಿ ಬತ್ತದಿದ್ದರೆ ಅದು ಮಧ್ಯಾಹ್ನ ಗೋಕಟ್ಟೆಗೆ ಬರುತ್ತಿರಲಿಲ್ಲ. ಅಟ್ಟುವುದು ಬಿಸಿಲು, ಹಿಡಿಯುವುದು ನಾಯಿ. ಬರೀ ಬಿಸಿಲು ಇರುವ ಕಡೆ ಅದು ಹೇಗೋ ಬದುಕಿಕೊಂಡಿದೆ. ಬಿಸಿಲು, ನಾಯಿ ಎರಡೂ ಇರುವ ಕಡೆ ಬದುಕುತ್ತಿಲ್ಲ. ಮೇಡಂ ಇದನ್ನು ಉದ್ದಕ್ಕೆ ಬರೆದರು. ನನಗೆ ಅರ್ಥವಾಗಿದ್ದು ಇಷ್ಟು.

ಊರಿನ ಶಾಲೆಯಲ್ಲಿ ಸಭೆ ಸೇರಿತು. ದೊಡ್ಡ ಸರ್ ಬಂದಿದ್ದರು, ಕಾಡಿನ ಸಾಹೇಬರು ಬಂದಿದ್ದರು, ಕುರಿಯವರು ಬಾಗಿಲ ಹತ್ತಿರ ನಿಂತಿದ್ದರು. ತೊಟ್ಟಿ ಎಲ್ಲಿ ಕಟ್ಟಬೇಕು ಎಂದು ದೊಡ್ಡ ಸರ್ ಮೊದಲೇ ಗುರುತು ಮಾಡಿದ್ದರು. ಗೋಕಟ್ಟೆಯ ಪಕ್ಕ, ಗಾಡಿ ರಸ್ತೆಯ ಅಂಚಿಗೆ.

"ಕಾರಣ ಬಿಸಿಲು ಹೌದೋ ಅಲ್ಲವೋ, ಒಂದು ಮಾತಲ್ಲಿ ಹೇಳಿ," ಅಂದರು ಸಾಹೇಬರು.

"ಒಂದು ಮಾತಲ್ಲಿ ಹೇಳೋಕಾಗಲ್ಲ ಸರ್," ಅಂದರು ಮೇಡಂ. ಹೇಳುತ್ತಾ ಹೋದರು. ಸಾಹೇಬರು ಗಡಿಯಾರ ನೋಡಿಕೊಂಡರು. ದೊಡ್ಡ ಸರ್ ಅರ್ಧದಲ್ಲಿ ತಡೆದು, "ನಾಯಿ ವಿಷಯ ಆಮೇಲೆ ನೋಡೋಣ. ನೀರಂತೂ ಬೇಕೇ ಬೇಕು. ತೊಟ್ಟಿ ಕೆಲಸ ಮೊದಲು ಮುಗಿಸೋಣ" ಅಂದರು.

ನನಗೆ ಕೂರಲು ಆಗಲಿಲ್ಲ. "ಸರ್, ಅಲ್ಲಿ ಕಟ್ಟಿದ್ರೆ ಅದು ತೊಟ್ಟಿ ಅಲ್ರೀ, ಬೋನು. ನೀರಿನ ಆಸೆಗೆ ಇರೋಬರೋವೆಲ್ಲಾ ನಾಯಿ ಬಾಯಿಗೇ ಬತ್ತಾವೆ."

ಎಲ್ಲರೂ ತಿರುಗಿದರು. ದೊಡ್ಡ ಸರ್ ಬೈಯಲಿಲ್ಲ. ಮೇಡಂ ಮುಂದಿಟ್ಟ ಚಿತ್ರಗಳನ್ನು ಮತ್ತೊಮ್ಮೆ ತಿರುವಿದರು. "ಸರಿ. ಆದರೆ ಟ್ಯಾಂಕರ್ ಹೋಗೋದು ಅಲ್ಲಿವರೆಗೇ. ಬೇರೆ ಕಡೆ ಕಟ್ಟಿದ್ರೆ ನೀರು ಯಾರು ಹೊರ್ತಾರೆ?"

ಬಾಗಿಲ ಹತ್ತಿರ ಮಾವ ಕೆಮ್ಮಿದ.

"ದ್ಯಾವ್ರ ಗುಡ್ಡದ ಕಲ್ಲಿನ ಒಳಗೆ ಕಟ್ರಿ. ಕೆಳಗಿನ ಹೊಲದಾಗೆ ಬೋರು ಐತೆ, ಪೈಪು ಎಳಿಯಾಕೆ ಬತ್ತೈತೆ. ಅಲ್ಲಿಗೆ ನಾಯಿ ಬರಂಗಿಲ್ಲ."

"ಗೋಕಟ್ಟೆ ಹತ್ರ ಏನು ಮಾಡ್ತೀರಿ?" ಅಂದರು ಸಾಹೇಬರು. "ಅಲ್ಲಿ ನಾಯಿ ಇರುತ್ತಲ್ಲ?"

ಮಾವ ನನ್ನ ಕಡೆ ನೋಡಲಿಲ್ಲ. "ಬ್ಯಾಸಿಗ್ಯಾಗೆ ಮಂದೆ ನೆಳ್ಳಿಗೆ ಬಿಟ್ಟಾಗ ಕಟ್ಟಾಕ್ತೀವಿ ಸ್ವಾಮಿ. ಕಾಡು ಮುಚ್ಚಬ್ಯಾಡ್ರಿ."

ಹಿಂದಿದ್ದ ಕುರಿಯವರು ಗೊಣಗಿದರು. ಆದರೆ ಯಾರೂ ಮುಂದೆ ಬಂದು ಇಲ್ಲ ಅನ್ನಲಿಲ್ಲ. ಒಂದು ಬೇಸಿಗೆ ನೋಡೋಣ ಎಂದಾಯಿತು. ಮೇಡಂಗೂ ಅದೇ ಬೇಕಿತ್ತು. ನಾಯಿ ಕಟ್ಟಿದ ಮೇಲೆ ಆ ಗೆರೆಗಳಲ್ಲಿ ಗುಡ್ಡೆ ತಿರುಗಿ ಬಂದರೆ ನಾಯಿಯದೇ ತಪ್ಪು, ಬರದಿದ್ದರೆ ನಾವು ಹೇಳಿದ್ದು ತಪ್ಪು. ಹುಣಸೆ ಮರದ ಆಚೆ ಗುಡಿಸುವುದಿಲ್ಲ ಎಂದು ಅತ್ತೆಯೂ ಒಪ್ಪಿದಳು.

ಬೇಸಿಗೆ ಶುರುವಾಗುತ್ತಿದ್ದಂತೆ ತೋಳ ಬಂತು. ಹಾಡುಹಗಲು, ನಾಯಿಗಳು ಕಟ್ಟಿದ್ದಾಗ. ಮಂದೆಯ ಮುಂದೆ ನಡೆಯುವ ಗಂಟೆ ಕುರಿಯನ್ನೇ ಎಳೆದುಕೊಂಡು ಹೋಯಿತು. ನಾನು ಗೆರೆ ನಡೆದು ಬರುವಾಗ ಮಾವ ದಾರಿಗೆ ಅಡ್ಡ ನಿಂತಿದ್ದ. ಕೈಯಲ್ಲಿ ಕರಿಯನ ಸರಪಳಿ. ನನ್ನ ಕಾಲ ಬುಡಕ್ಕೆ ಎಸೆದ.

"ತಗಾ. ನಿನ್ ಕೊಂಡುಕುರಿಗೆ ಕಟ್ಟು."

ಹೋದದ್ದು ನಮ್ಮದೇ ಕುರಿ. ಅದನ್ನು ಮರಿಯಿಂದ ಸಾಕಿದ್ದು ನಾನೇ. ಸರಪಳಿ ಎತ್ತಿಕೊಂಡು ಮನೆಗೆ ತಂದು ಗೂಟಕ್ಕೆ ನೇತುಹಾಕಿದೆ. ಮೇಡಂಗೆ ಫೋನ್ ಮಾಡಿ ಎಲ್ಲ ಮುಗೀತು ಅಂದೆ. ಅವರು "ಅವರು ಬಿಚ್ಚಿದ್ರೆ ನಾನು ಏನೂ ಹೇಳೋಕಾಗಲ್ಲ" ಅಂದರು.

ಮಾರನೇ ದಿನ ಎದ್ದಾಗ ಸರಪಳಿ ಗೂಟದಲ್ಲಿ ಇರಲಿಲ್ಲ.

"ಎಲ್ಲಿ?" ಅಂದೆ ಅತ್ತೆಗೆ.

"ತಗಂಡು ಹೋದ ನಿಮ್ ಮಾವ. ನಾಲ್ಕು ಜನದಾಗೆ ಮಾತು ಕೊಟ್ಟೀನಿ ಅಂತಾನೆ. ಬಾಯಿಗೆ ಬಂದಂಗೆ ಬೈಕಂಡೇ ಹೋದ." ಅವಳು ನಗು ತಡೆಯಲು ಸೆರಗು ಬಾಯಿಗೆ ಹಿಡಿದಳು. "ಗೋಕಟ್ಟೆ ಕಡೆ ಹೋದ್ರೆ ಕೇಳು. ಈಗ ಅವ್ನೇ ಬೊಗಳ್ತಾನೆ."

ಸುಳ್ಳಲ್ಲ. ಮಧ್ಯಾಹ್ನ ಮಂದೆ ಮಲಗಿದಾಗ ಮಾವ ಒಂದು ಕೋಲು, ಒಂದು ಎಣ್ಣೆ ಡಬ್ಬ ಹಿಡಿದುಕೊಂಡು ಮಂದೆಯ ಸುತ್ತ ತಿರುಗುತ್ತಾನೆ. ಡಬ್ಬ ಬಡಿಯುತ್ತಾನೆ, ನಾಯಿಯ ಹಾಗೇ ಕೂಗುತ್ತಾನೆ. ಮೊದಮೊದಲು ಕರಿಯ ಕಟ್ಟಿದಲ್ಲಿಂದಲೇ ಅವನಿಗೆ ಉತ್ತರ ಕೊಡುತ್ತಿತ್ತು. ಈಗ ಬೇಜಾರಾಗಿ ಮಲಗಿರುತ್ತದೆ. ಆ ಸದ್ದಿಗೆ ಕೊಂಡುಕುರಿ ಹೆದರುವುದಿಲ್ಲವೇ ಎಂದು ಮೇಡಂ ಕೇಳಿದರು. ಅದನ್ನೂ ನೋಡಬೇಕು.

ಹೋದ ವಾರ ಗೋಕಟ್ಟೆ ಕಡೆಗೆ ಹೋಗುವ ಒಂದು ಗೆರೆ ನಡೆದೆ. ಅತ್ತೆಯ ಪೊರಕೆ ಮುಟ್ಟದಿದ್ದರೂ ಬಹಳ ಕಾಲದಿಂದ ಖಾಲಿ ಇದ್ದ ಗೆರೆ ಅದು. ಕಾರೆ ಪೊದೆಯ ಮಗ್ಗುಲಲ್ಲಿ ಒಂದು ಗುಡ್ಡೆ ಇತ್ತು. ಸಣ್ಣದು. ಮುರಿದೆ, ಒಳಗೆ ಹಸಿರು. ಕುರಿಯದ್ದಲ್ಲ, ಅನುಮಾನ ಇಲ್ಲ.

ಮೇಡಂಗೆ ಫೋನ್ ಮಾಡಿದೆ. "ಒಂದು ಗುಡ್ಡೆ ಪುರಾವೆ ಅಲ್ಲ," ಅಂದರು. ಆಮೇಲೆ, "ಕಲ್ಲಿಟ್ಟೆಯಾ?" ಅಂದರು.

ಕಲ್ಲಿಟ್ಟೆ, ಬಣ್ಣ ಹಚ್ಚಿದೆ, ಎದ್ದು ಮುಂದಿನ ಗೆರೆಗೆ ಹೊರಟೆ. ಹಿಂದೆ ಹುಣಸೆ ಮರದ ಕಡೆ ಮಾವ ಬೊಗಳುತ್ತಿದ್ದ.